ಬ್ಯಾಟ್ರಿ ಮೇಷ್ಟ್ರ ನೀಲಿ ಕಾಗದ

ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸಣ್ಣ ಬ್ಯಾಟ್ರಿ ಸಿಕ್ಕಿಸಿಕೊಂಡು ಕಾಲೇಜಿಗೆ ಬರುತ್ತಿದ್ದವರು ನಮ್ಮ ಮೇಷ್ಟ್ರೊಬ್ಬರೇ. ಕರೆಂಟ್ ಹೋದಾಗ ದಾರಿ ನೋಡಿಕೊಳ್ಳುವ ಬ್ಯಾಟ್ರಿಯಲ್ಲ ಅದು. ಅದರ ಬೆಳಕು ಮಂಕು ನೇರಳೆ, ಕಣ್ಣಿಗೆ ಕಂಡೂ ಕಾಣದಂಥದ್ದು. ಅದನ್ನು ಯಾವುದರ ಮೇಲೆ ಬಿಟ್ಟರೆ ಯಾವುದು ಹೊಳೆಯುತ್ತದೆ ಎಂದು ನೋಡುವುದರಲ್ಲೇ ಅವರ ಆಯುಷ್ಯದ ಮುಕ್ಕಾಲು ಪಾಲು ಕಳೆಯಿತು. ತಿಪಟೂರಿನ ಹುಡುಗರು ಇಂಥವರಿಗೆ ಹೆಸರಿಡದೆ ಬಿಡುತ್ತಾರೆಯೇ? ಬ್ಯಾಟ್ರಿ ಮೇಷ್ಟ್ರು ಅಂದರು. ನಾನು ಅವರ ಕೈಕೆಳಗೆ ಓದುವಾಗಲೂ ಅದೇ ಹೆಸರಿತ್ತು. ಮುಂದೆ ಅದೇ ಕಾಲೇಜಿಗೆ ಕೆಮಿಸ್ಟ್ರಿ ಪಾಠ ಮಾಡಲು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತಾಗಲೂ ಅದೇ ಇತ್ತು.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಕಾಲೇಜಿನವರು ಒಂದು ಸಂಚಿಕೆ ತರುತ್ತಾರಂತೆ, "ಒಂದು ಪುಟ ಬರ್ಕೊಡಿ ಮೇಡಂ, ನಿಮಗಿಂತ ಹತ್ತಿರದೋರು ಯಾರಿದಾರೆ" ಎಂದು ಕೇಳಿದರು. ಬರೆದುಕೊಟ್ಟೆ. ಸರಳ ವ್ಯಕ್ತಿ, ಶಿಷ್ಯರ ಮೇಲೆ ಪ್ರೀತಿ, ಕೆಲಸದಲ್ಲಿ ಶ್ರದ್ಧೆ, ಇಂಥವೇ ನಾಲ್ಕು ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಾನು ಮೇಷ್ಟ್ರ ಎದುರಿಗೇ ನಿಂತು ಅವರ ಮೇಲೆ ಒಂದು ಸುಳ್ಳು ಹೇಳಿದ್ದೆ. ಅದು ಸುಳ್ಳೆಂದು ಅವರಿಗೆ ತಿಳಿಸಬೇಕು ಅಂದುಕೊಂಡೇ ನಾಲ್ಕು ವರ್ಷ ಕಳೆದೆ, ತಿಳಿಸಲಿಲ್ಲ. ಆ ಪುಟದಲ್ಲಿ ಇದಕ್ಕೆ ಜಾಗವಿರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ, ನನ್ನದನ್ನೂ ಹಾಕುವುದಿಲ್ಲ.

ಮೇಷ್ಟ್ರು ಮಾಯಸಂದ್ರದ ಕಡೆಯವರು. ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸಿ ದಿನಾ ಓಡಾಡುತ್ತಿದ್ದರು. ತಿಪಟೂರಿನಲ್ಲಿ ಮನೆ ಮಾಡಿ ಎಂದು ಯಾರಾದರೂ ಹೇಳಿದರೆ, "ಬಸ್ಸಲ್ಲೇ ಕಣ್ರೀ ನಂಗೆ ಯೋಚ್ನೆ ಬರೋದು, ಮನೇಲಿ ಬರೇ ನಿದ್ದೆ ಬತ್ತದೆ" ಎನ್ನುತ್ತಿದ್ದರು. ಕುಳ್ಳು ಆಳು, ಹಣೆಯಲ್ಲಿ ತೆಳ್ಳಗೆ ವಿಭೂತಿ. ನಗುವ ಮುಂಚೆ ಒಂದು ಸಲ ಕೆಮ್ಮುತ್ತಿದ್ದರು. ಕ್ಲಾಸಿನಲ್ಲಿ ಆ ಕೆಮ್ಮು ಕೇಳಿದರೆ ಸಾಕು, ನಾವು ಏನು ವಿಷಯ ಎಂದು ತಿಳಿಯುವ ಮೊದಲೇ ನಗಲು ಶುರು ಮಾಡುತ್ತಿದ್ದೆವು.

ಹೊಸದಾಗಿ ಬಂದ ಪ್ರಿನ್ಸಿಪಾಲರ ಬಿಳಿ ಅಂಗಿಗೆ ಅವರು ಬ್ಯಾಟ್ರಿ ಬಿಟ್ಟಿದ್ದು ಕಾಲೇಜಿಗೆಲ್ಲ ಗೊತ್ತು. ಅಂಗಿ ನೀಲಿಯಾಗಿ ಹೊಳೆಯಿತಂತೆ. "ಸಾರ್, ನಿಮ್ಮನೆ ಸೋಪಿನ ಪುಡಿ ಸಕತ್ತಾಗೈತೆ" ಅಂದರಂತೆ. ಪ್ರಿನ್ಸಿಪಾಲರು ಆಮೇಲೆ ಬಹಳ ದಿನ ಸ್ಟಾಫ್ ರೂಮಿಗೆ ಬಣ್ಣದ ಅಂಗಿಯಲ್ಲೇ ಬಂದರು. ಚೇಳಿನ ಮೈ ಕೂಡ ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ. ಅವರ ಊರಿನಲ್ಲಿ ತೆಂಗಿನ ಮಟ್ಟೆಯ ರಾಶಿ ಕೆದಕುವ ಮುಂಚೆ ಜನ ಮೇಷ್ಟ್ರನ್ನು ಕರೆಯುತ್ತಿದ್ದರು. ಮುಸ್ಸಂಜೆಯಲ್ಲಿ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, "ಇಲ್ಲೊಂದೈತೆ, ಅಲ್ಲೊಂದೈತೆ, ಕಾಲು ಹಿಂದಕ್ಕೆ ಇಕ್ಕಲಾ" ಎಂದು ತೋರಿಸುತ್ತಾ ಹೋಗುವುದು. ಇದನ್ನು ಅವರೇ ಹೇಳಿಕೊಂಡು ಕೆಮ್ಮುತ್ತಿದ್ದರು.

ಆದರೆ ಅವರ ನಿಜವಾದ ಕೆಲಸ ಚೇಳಿನದಲ್ಲ. ನಮ್ಮ ಮೈಯಲ್ಲಿ ಓಡಾಡುವ ಪೊಟ್ಯಾಶಿಯಂ, ಸೋಡಿಯಂ, ಕ್ಯಾಲ್ಶಿಯಂಗಳನ್ನು ಬೆಳಕಿನಿಂದ ಗುರುತು ಹಿಡಿಯುವ ಅಣುಗಳನ್ನು ತಯಾರಿಸುವುದು. ಪಿಎಚ್‌ಡಿಯನ್ನೂ ಅದರಲ್ಲೇ ಮಾಡಿದ್ದರು. ಇದನ್ನು ಪಾಠ ಮಾಡುವ ದಿನ ಮನೆಯಿಂದ ಒಂದು ಸಿಂಬಿ, ಒಂದು ಬಿಂದಿಗೆ, ಒಂದು ಚೊಂಬು ತರುತ್ತಿದ್ದರು. ತುರುವೇಕೆರೆ ಬಸ್ಸಿನಲ್ಲಿ ಬಿಂದಿಗೆ ಹಿಡಿದು ಕೂತ ಮೇಷ್ಟ್ರನ್ನು ಕಂಡಕ್ಟರು, "ಏನ್ ಸಾ, ನೀರಿಗೆ ಹೊಂಟ್ರಾ?" ಎಂದು ಕೇಳಿದ್ದನಂತೆ. ಮೇಜಿನ ಮೇಲೆ ಸಿಂಬಿ ಇಟ್ಟು, "ಇದು ನನ್ನ ಅಣು. ಪೊಟ್ಯಾಶಿಯಂ ಅನ್ನೋದು ಬಿಂದಿಗೆ. ಇಟ್ರೆ ಸರಿಯಾಗಿ ಕೂರ್ತದೆ. ಸೋಡಿಯಂ ಚೊಂಬು, ತೂರ್ಕೊಂಡು ಕೆಳಕ್ಕೆ ಬೀಳ್ತದೆ" ಎಂದು ಎರಡನ್ನೂ ಇಟ್ಟು ತೋರಿಸುತ್ತಿದ್ದರು. ಬಿಂದಿಗೆ ಕೂತ ಸಿಂಬಿಗೆ ಮಾತ್ರ ಬೆಳಕು ಬರಬೇಕು, ಅದೇ ಅವರ ಹಟ. ನಾನು ಇವತ್ತಿಗೂ ಆ ಪಾಠವನ್ನು ಸಿಂಬಿ ಇಟ್ಟೇ ಮಾಡುತ್ತೇನೆ.

ಇದರಿಂದ ಏನು ಉಪಯೋಗ ಸಾರ್ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ. "ಸಕ್ಕರೆ ಕಾಯ್ಲೆಯೋರಿಗೆ ಮನೇಲೇ ನೋಡ್ಕೊಳೋ ಮಿಷನ್ ಬಂದೈತೆ. ಕಿಡ್ನಿ ಹೋದೋರಿಗೆ ಏನೈತೆ? ಅವರಿಗೆ ಪೊಟ್ಯಾಶಿಯಂ ಜಾಸ್ತಿಯಾದ್ರೆ ಹೃದಯ ನಿಂತೋಯ್ತದೆ. ಸಾರಲ್ಲಿ ಎಷ್ಟೈತೆ, ಪಲ್ಯದಲ್ಲಿ ಎಷ್ಟೈತೆ ಅಂತ ಒಂದು ಕಾಗದ ಅದ್ದಿ ನೋಡೋ ಹಂಗಿದ್ರೆ ಹೆಂಗಿರ್ತದೆ?" ಕೊನೆಗೆ ಆ ಕಾಗದ ತಯಾರೂ ಆಯಿತು. ಲ್ಯಾಬಿನ ಫಿಲ್ಟರ್ ಪೇಪರನ್ನು ಬೆರಳಗಲ ಪಟ್ಟಿ ಕತ್ತರಿಸಿ, ಅವರ ದ್ರಾವಣದಲ್ಲಿ ನೆನೆಸಿ ಒಣಗಿಸಿದ್ದು. ಪೊಟ್ಯಾಶಿಯಂ ಇದ್ದ ಹನಿ ಬಿದ್ದರೆ ಬ್ಯಾಟ್ರಿ ಬೆಳಕಿಗೆ ನೀಲಿಯಾಗಿ ಹೊಳೆಯುತ್ತಿತ್ತು, ಇಲ್ಲದಿದ್ದರೆ ಕಪ್ಪಗೆ ಕೂತಿರುತ್ತಿತ್ತು. ಹೊಳಪು ಎಷ್ಟಿದ್ದರೆ ಪೊಟ್ಯಾಶಿಯಂ ಎಷ್ಟು ಎಂದು ಸರಿಹೊಂದಿಸುವ ಕೆಲಸವೊಂದು ಬಾಕಿ ಇತ್ತು. ಇನ್ನೊಂದು ವರ್ಷ ಸಾಕು ಎನ್ನುತ್ತಿದ್ದರು.

ಅದೇ ಹೊತ್ತಿಗೆ ನಮ್ಮಪ್ಪನ ಎರಡೂ ಕಿಡ್ನಿ ಹೋದವು. ಅಪ್ಪ ಹಂದನಕೆರೆಯ ತೋಟದವರು. ಅವ್ವ ಮುಂಚೆಯೇ ಹೋಗಿದ್ದಳು. ತೋಟವನ್ನು ತಮ್ಮ ನೋಡಿಕೊಂಡ, ಅಪ್ಪನನ್ನು ನಾನು ತಿಪಟೂರಿಗೆ ಕರೆತಂದೆ. ಸೋಮವಾರ, ಗುರುವಾರ ಡಯಾಲಿಸಿಸ್. ಮೊದಲ ದಿನವೇ ನರ್ಸು, "ನೀರು ಜಾಸ್ತಿ ಕೊಡಬೇಡಿ, ಅಳತೆ ಮೇಲೆ ಕೊಡಿ" ಎಂದು ಹೇಳಿದರು. ಎಳನೀರನ್ನಂತೂ ತೋರಿಸಲೇಬೇಡಿ ಎಂದೂ ಹೇಳಿದರು. ನಮ್ಮವರ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ನೋಡಲು ಬಂದವರೆಲ್ಲ ಕೈಯಲ್ಲಿ ಎರಡೆರಡು ಎಳನೀರು ಹಿಡಿದು ಬಂದರು. "ನೀರು ಬ್ಯಾಡ ಅಂದವ್ರಲ್ಲ, ಪಾಪ, ಎಳ್ನೀರಾದ್ರೂ ಕುಡೀಲಿ ಬುಡು" ಎಂದು ಸೋದರತ್ತೆ ಅಂದಳು. ನಮ್ಮ ಸೀಮೆಯಲ್ಲಿ ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಯಾರು ಹೋಗುತ್ತಾರೆ? ನಾನು ಅವನ್ನೆಲ್ಲ ಅಡುಗೆಮನೆಯ ಮೂಲೆಗೆ ಸೇರಿಸುತ್ತಿದ್ದೆ. ಪಕ್ಕದ ಮನೆಯವರಿಗೂ ಕೊಟ್ಟು ಕೊಟ್ಟು ಸಾಕಾಯಿತು.

ಅಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ಬಾಯಿ ಒಣಗುತ್ತಿತ್ತು. ಅಳತೆಯ ನೀರು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಅಡುಗೆಮನೆಯ ಕಡೆ ನೋಡುತ್ತಾ, "ಒಂದು ತೊಟ್ಟು ಕಣವ್ವ" ಎನ್ನುತ್ತಿದ್ದರು. ಒಂದು ದಿನ ಅರ್ಧ ಲೋಟ ಎಳನೀರು ಕೊಟ್ಟೆ. ಕುಡಿದು ಕಣ್ಣು ಮುಚ್ಚಿದರು, ಮುಖ ಸಡಿಲಾಯಿತು. ಏನೂ ಆಗಲಿಲ್ಲ. ಮರುದಿನವೂ ಕೊಟ್ಟೆ. ದಿನಾ ಬೆಳಗ್ಗೆ ಅರ್ಧ ಲೋಟ ಎಂದು ನಾನೇ ಒಂದು ಅಳತೆ ಮಾಡಿಕೊಂಡೆ. ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ಎಳನೀರಿನಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಕೊಟ್ಟವಳಲ್ಲ.

ಒಂದು ಭಾನುವಾರ ಅಪ್ಪ ಎದ್ದಾಗಿನಿಂದ ಮಂಕಾಗಿದ್ದರು. ತಮ್ಮ ತೋಟದಿಂದ ಹೊಸ ಗೊನೆ ಕಳಿಸಿದ್ದ. ಅಪ್ಪ ಮಲಗಿದ ಕಡೆಯಿಂದಲೇ ಒಂದನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ಬಾವಿ ಪಕ್ಕದ ಮರದ್ದು. ಇದುನ್ನ ಪೂರ್ತಿ ಕೊಡು, ಇನ್ಯಾವತ್ತೂ ಕೇಳಲ್ಲ" ಅಂದರು. ಕೆತ್ತಿ ಕೊಟ್ಟೆ. ಅದು ಮುಗಿದ ಮೇಲೆ ಇನ್ನೊಂದು ಕೇಳಿದರು, ಅದನ್ನೂ ಕೆತ್ತಿದೆ. ಅದರಲ್ಲಿ ಮುಕ್ಕಾಲು ಕುಡಿದರು. ಉಳಿದದ್ದನ್ನು ನಾನು ಲೋಟಕ್ಕೆ ಬಗ್ಗಿಸಿ ಅಡುಗೆಮನೆಯಲ್ಲಿ ಮುಚ್ಚಿಟ್ಟೆ.

ಹತ್ತು ಗಂಟೆಯ ಹೊತ್ತಿಗೆ ಮೇಷ್ಟ್ರು ಬಂದರು. ಅಪ್ಪ ಎಳನೀರಿಗೆ ಆಸೆಪಡುತ್ತಾರೆ ಎಂದು ನಾನೇ ಸ್ಟಾಫ್ ರೂಮಿನಲ್ಲಿ ಹೇಳಿದ್ದೆ, ಕೊಡುತ್ತೇನೆ ಎಂದು ಹೇಳಿರಲಿಲ್ಲ. ಬುದ್ಧಿ ಹೇಳಿ ಹೋಗೋಣ ಎಂದು ಭಾನುವಾರದ ಬಸ್ಸು ಹಿಡಿದು ಬಂದಿದ್ದರು, ಪಾಪ. ಬ್ಯಾಟ್ರಿ, ಕಾಗದದ ಪಟ್ಟಿ ಎಲ್ಲಾ ತಂದಿದ್ದರು.

"ಯಜಮಾನ್ರೇ, ತೆಂಗಿಗೆ ಪೊಟ್ಯಾಷ್ ಹಾಕ್ತೀರಲ್ವಾ?"

"ಹಾಕ್ದೆ ಮತ್ತೆ? ಕಾಯಿ ಹೆಂಗೆ ಕಟ್ಟೀತು?"

"ಅದೇ ಪೊಟ್ಯಾಷು ಎಳ್ನೀರಿಗೆ ಬತ್ತದೆ. ನಿಮ್ಮ ಕಿಡ್ನಿ ಅದನ್ನ ಹೊರಗೆ ಹಾಕಲ್ಲ. ಒಳಗೇ ನಿಂತ್ಕೊಂಡು ಹೃದಯಕ್ಕೆ ಹೊಡೀತದೆ."

"ಮರಕ್ಕೆ ಒಳ್ಳೇದು, ಮನುಷ್ಯಂಗೆ ಕೆಟ್ಟದ್ದಾ? ನನ್ನ ಮರ ನಂಗೆ ಕೆಟ್ಟದ್ದು ಮಾಡ್ತದಾ ಮೇಷ್ಟ್ರೇ?"

ಮೇಷ್ಟ್ರು ಮಾತು ಬಿಟ್ಟು, "ಕಂಬಳಿ ಐತೇನಮ್ಮಾ? ಕತ್ತಲೆ ಬೇಕು. ಹಂಗೇ ಒಂದು ಹನಿ ಎಳ್ನೀರು" ಅಂದರು. ನಾನು ಕಂಬಳಿ ತಂದೆ. ಅಡುಗೆಮನೆಯಿಂದ ಆ ಲೋಟ ತಂದೆ. ಎಳನೀರು ಕುಡಿಯಬಾರದ ಮನೆಯಲ್ಲಿ ಕೆತ್ತಿದ ಎಳನೀರು ಲೋಟದಲ್ಲಿ ಸಿದ್ಧವಾಗಿ ಯಾಕಿದೆ ಎಂದು ಮೇಷ್ಟ್ರು ಕೇಳಲಿಲ್ಲ. ಅವರಿಗೆ ಅಂಥ ಯೋಚನೆ ಬರುತ್ತಿರಲಿಲ್ಲ. ಅಪ್ಪ, ಮೇಷ್ಟ್ರು ಇಬ್ಬರೂ ಒಂದೇ ಕಂಬಳಿ ಮುಸುಕು ಹಾಕಿಕೊಂಡು ಮಂಚದ ಮೇಲೆ ಕೂತರು. ಒಳಗಿನಿಂದ ಮೇಷ್ಟ್ರ ಮಾತು ಕೇಳುತ್ತಿತ್ತು. "ಇದು ಬೋರಿನ ನೀರು, ಏನೂ ಇಲ್ಲ ನೋಡಿ. ಈಗ ಎಳ್ನೀರು ಬಿಡ್ತೀನಿ."

ಆಮೇಲೆ ಅಪ್ಪ ಜೋರಾಗಿ, "ಆಹಾ! ಏನ್ ಬೆಳಗ್ತದೆ ಮೇಷ್ಟ್ರೇ! ಲೇ ಮಗಾ, ಬಾ ಇಲ್ಲಿ, ನಮ್ಮ ಬಾವಿ ಪಕ್ಕದ ಮರದ ತೇಜಸ್ಸು ನೋಡು ಬಾ!" ಎಂದು ಕೂಗಿದರು.

ನಾನೂ ಕಂಬಳಿಯೊಳಗೆ ತಲೆ ಹಾಕಿ ನೋಡಿದೆ. ಕಾಗದ ನೀಲಿಯಾಗಿ ಹೊಳೆಯುತ್ತಿತ್ತು. ಆ ಬೆಳಕಿನಲ್ಲಿ ಅಪ್ಪನ ಮುಖ ಕಂಡಿತು. ಕಾಯಿಲೆ ಬಿದ್ದ ಮೇಲೆ ಅಷ್ಟು ಖುಷಿಯಲ್ಲಿ ನಾನು ಅವರನ್ನು ನೋಡಿರಲಿಲ್ಲ. ಮೇಷ್ಟ್ರ ಮುಖ ಮಾತ್ರ ಪೆಚ್ಚಾಗಿತ್ತು. "ಅಯ್ಯೋ, ಬೆಳಕು ಬಂದ್ರೆ ವಿಷ ಅಂತ ಲೆಕ್ಕ ಯಜಮಾನ್ರೇ" ಎಂದರು. "ಬೆಳಕು ಎಲ್ಲಾದ್ರೂ ವಿಷ ಆಯ್ತದಾ, ಸುಮ್ಕಿರಿ" ಎಂದು ಅಪ್ಪ ನಕ್ಕರು. ಆ ಪಟ್ಟಿಯನ್ನು ಕೇಳಿ ಇಸಿದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡರು. ಮೇಷ್ಟ್ರು ಹೊರಡುವಾಗ ಬಾಗಿಲಲ್ಲಿ, "ಹುಷಾರು ಕಣಮ್ಮ, ಅವರಿಗೆ ತಿರುಗಾಮುರುಗಾ ಅರ್ಥ ಆಗೈತೆ, ನೀನು ಕಣ್ಣಿಟ್ಟಿರು" ಅಂದರು. ಹೂಂ ಅಂದೆ. ಆ ದಿನ ಅಪ್ಪ ಮತ್ತೆ ಒಂದು ಹನಿ ಎಳನೀರೂ ಕುಡಿಯಲಿಲ್ಲ. ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಕುಡಿಯಬೇಕಾದ್ದನ್ನು ಬೆಳಗ್ಗೆಯೇ ಕುಡಿದಾಗಿತ್ತು.

ಸೋಮವಾರ ಬೆಳಗ್ಗೆ ಡಯಾಲಿಸಿಸ್‌ಗೆ ಆಟೋ ಹತ್ತಿಸುವಾಗ ಅಪ್ಪನ ಕಾಲು ಸೋತವು. ಆಸ್ಪತ್ರೆ ಬಾಗಿಲು ಸೇರುವ ಹೊತ್ತಿಗೆ ಉಸಿರಿರಲಿಲ್ಲ. ವಿಷಯ ತಿಳಿದು ಹಂದನಕೆರೆಯಿಂದ ತಮ್ಮ ಬಂದ, ಸೋದರತ್ತೆ ಬಂದಳು, ಕಾಲೇಜಿನಿಂದ ಮೇಷ್ಟ್ರು ಓಡಿಬಂದರು. ಡಾಕ್ಟರು ಎಲ್ಲರ ಎದುರಿಗೂ, "ಪೊಟ್ಯಾಶಿಯಂ ಏರಿರೋ ಹಾಗಿದೆ. ಎಳನೀರು ಏನಾದ್ರೂ ಕೊಟ್ಟಿದ್ರಾ?" ಎಂದು ನನ್ನನ್ನು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು.

"ನಿನ್ನೆ ಸಾರ್ ಕಾಗದದ ಮೇಲೆ ಬೆಳಕು ತೋರ್ಸಿದ್ರು. ಅದನ್ನ ನೋಡಿ ಒಳ್ಳೇದು ಅಂದ್ಕೊಂಡು ಅಪ್ಪನೇ ಎತ್ಕೊಂಡು ಕುಡಿದ್ಬಿಟ್ಟಿದಾರೆ. ನಾನು ನೋಡ್ಲಿಲ್ಲ" ಅಂದೆ.

ಅಷ್ಟೇ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಹೇಳಿದ ಮೇಲೆ ಭಯವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಅಪ್ಪ ಹೋದದ್ದಕ್ಕೆ ಅಳುವೂ ಬರಲಿಲ್ಲ. ಒಳಗೆ ಎಲ್ಲ ಜೋಮು ಹಿಡಿದ ಹಾಗಿತ್ತು. ತಮ್ಮ ಮೇಷ್ಟ್ರನ್ನು ದುರುಗುಟ್ಟಿ ನೋಡಿದ. ಮೇಷ್ಟ್ರು ಅಂಗಿಯ ಜೇಬಿಗೆ ಕೈ ಹಾಕಿ, ಬ್ಯಾಟ್ರಿಯನ್ನು ತೆಗೆದು ಪ್ಯಾಂಟಿನ ಜೇಬಿಗೆ ಇಟ್ಟುಕೊಂಡರು. ಆಮೇಲೆ ಅದನ್ನು ಅಂಗಿಯ ಜೇಬಿನಲ್ಲಿ ನಾನು ನೋಡಲಿಲ್ಲ.

ಕಾರ್ಯಗಳು ಮುಗಿದು ನಾನು ಕಾಲೇಜಿಗೆ ಹೋದ ದಿನ ಮೇಷ್ಟ್ರು ಲ್ಯಾಬಿನಲ್ಲಿ ಹಳೆಯ ನೀಲಿ ಕಾಗದಗಳನ್ನೆಲ್ಲ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಿದ್ದರು. "ಹೊಳೆಯೋದು ಬ್ಯಾಡ ಕಣಮ್ಮ. ಮೊದ್ಲೇ ಹೊಳೀತಿದ್ದು, ಪೊಟ್ಯಾಶಿಯಂ ಬಿದ್ರೆ ಆರೋಗೋ ಅಂಥದ್ದು ಬೇಕು. ಆರಿದ್ರೆ ಯಾರಿಗಾದ್ರೂ ಹೆದರಿಕೆ ಆಯ್ತದೆ" ಅಂದರು.

ಕೆಮಿಸ್ಟ್ರಿ ಓದಿದವರಿಗೆ ಇದು ಹಿಂದಕ್ಕೆ ನಡೆದ ಹಾಗೆ. ನಮಗೆ ಪಾಠ ಮಾಡುವಾಗ ಅವರೇ, "ಆರೋ ಅಣುವನ್ನ ನಂಬಬೇಡಿ. ಕಬ್ಬಿಣ ಇದ್ರೂ ಆರ್ತದೆ, ತಾಮ್ರ ಇದ್ರೂ ಆರ್ತದೆ, ನೀವು ಬಾಟ್ಲಿ ಸರಿಯಾಗಿ ತೊಳೀದಿದ್ರೂ ಆರ್ತದೆ" ಎನ್ನುತ್ತಿದ್ದರು. ಅವರ ಜೊತೆ ಓದಿದ ಗೆಳೆಯರೊಬ್ಬರು ಎಲ್ಲೋ ದೊಡ್ಡ ಸಂಸ್ಥೆಯಲ್ಲಿದ್ದರು. ಫೋನಿನಲ್ಲಿ ಅವರು ಬೈಯುವುದು ಪಕ್ಕದ ಕುರ್ಚಿಯಲ್ಲಿದ್ದ ನನಗೂ ಕೇಳಿಸುತ್ತಿತ್ತು. "ತಲೆ ಕೆಟ್ಟಿದೆಯೇನಯ್ಯಾ? ಕೆಲಸ ಮಾಡೋ ಅಣುನ ಡಬ್ಬಿಗೆ ಹಾಕಿ ಇದೇನು ಹಿಡ್ಕೊಂಡಿದ್ದೀಯ?" ಮೇಷ್ಟ್ರು ಮೆಲ್ಲಗೆ, "ನಮ್ಮ ಕಡೆ ಜನಕ್ಕೆ ಬೆಳಕು ಅಂದ್ರೆ ಒಳ್ಳೇದು ಕಣಪ್ಪ. ಇದು ನಂಗೆ ಮೊದ್ಲೇ ಹೊಳೀಬೇಕಿತ್ತು. ಒಂದು ಜೀವ ಹೋಯ್ತು" ಅಂದರು. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ತಲೆ ಎತ್ತಲಿಲ್ಲ, ಮುಂದಿನ ಹಾಳೆ ತೆಗೆದೆ.

ಹೇಳಲು ಸಂದರ್ಭವೇ ಬರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಒಂದು ಸಲ ಪರೀಕ್ಷೆಯ ಕೆಲಸ ಮುಗಿಸಿ ಕಿಬ್ಬನಹಳ್ಳಿ ಕೈಮರದಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಉರಿಬಿಸಿಲು. ಎಳನೀರಿನವನು ಮೇಷ್ಟ್ರ ಗುರುತು ಹಿಡಿದು ಒಂದನ್ನು ಕೆತ್ತಿ ಕೈಗೇ ಹಿಡಿಸಲು ಬಂದ. ಮೇಷ್ಟ್ರಿಗೆ ಎಳನೀರು ಅಂದರೆ ಪ್ರಾಣ. ತೆಳ್ಳನೆಯ ಗಂಜಿಯನ್ನು ಕೆರೆದು ತಿಂದಲ್ಲದೆ ಬುರುಡೆ ಬಿಸಾಡುತ್ತಿರಲಿಲ್ಲ. ಅವತ್ತು, "ಬ್ಯಾಡ ಕಣಪ್ಪ, ಬುಟ್ಟುಬುಟ್ಟಿದೀನಿ" ಅಂದರು. ಯಾವಾಗ ಬಿಟ್ಟರೆಂದು ಕೇಳಬೇಕಾಗಿರಲಿಲ್ಲ.

"ಸಾರ್, ಅಪ್ಪನ ವಿಷಯ ಒಂದು..." ಎಂದು ಬಾಯಿ ತೆರೆದೆ.

"ಅದನ್ನ ಎತ್ಬ್ಯಾಡ ಕಣಮ್ಮ. ನೀನು ಒಂದು ದಿನವಾದ್ರೂ ನನ್ನ ಬೈದಿದ್ರೆ ತಡ್ಕೋತಿದ್ದೆ. ಬೈಯ್ಲಿಲ್ಲ ನೀನು" ಅಂದರು. ಅವರ ಕಣ್ಣು ತುಂಬಿತ್ತು. ತಿಪಟೂರಿನ ಬಸ್ಸು ಬಂತು. ಹತ್ತಿದೆ.

ನಿವೃತ್ತಿಯಾದ ಮೇಲೂ ಅನುಮತಿ ಕೇಳಿಕೊಂಡು ಅದೇ ಬಸ್ಸಿನಲ್ಲಿ ಲ್ಯಾಬಿಗೆ ಬರುತ್ತಿದ್ದರು. ಆರುವ ಕಾಗದ ಕೈಗೆ ಹತ್ತಲಿಲ್ಲ. ಬೋರಿನ ನೀರಿಗೂ ಆರುತ್ತಿತ್ತು, ಸಾರಿಗೂ ಆರುತ್ತಿತ್ತು, ಒಂದೊಂದು ದಿನ ಏನೂ ಹಾಕದಿದ್ದರೂ ಆರುತ್ತಿತ್ತು. "ಇದೂ ಹೋಯ್ತು" ಎಂದು ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಆ ವರ್ಷಗಳಲ್ಲಿ ಅವರು ಕೆಮ್ಮಿದ್ದು ನೆನಪಿಲ್ಲ.

ಮೇಷ್ಟ್ರ ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಅವರ ಮನೆಗೆ ಹೋದೆ. ಮೇಷ್ಟ್ರ ಹೆಂಡತಿ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಲ್ಯಾಬಿನಿಂದ ಯಾರೋ ತಂದುಕೊಟ್ಟ ಸಾಮಾನು ಅವರ ಮುಂದೆ ಹರಡಿತ್ತು. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಪಟ್ಟಿಗಳನ್ನು ತೋರಿಸಿ, "ನೀನು ಓದಿದೋಳು, ಹೇಳಮ್ಮ. ಇದರಿಂದ ಯಾರಿಗಾದ್ರೂ ಉಪಯೋಗ ಐತಾ, ಇಲ್ಲಾ ಒಲೆಗೆ ಹಾಕ್ಲಾ?" ಎಂದು ಕೇಳಿದರು.

ಉಪಯೋಗವಿತ್ತು ಅಂದೆ. ಇನ್ನೊಂದು ವರ್ಷ ಇದರ ಮೇಲೇ ಕೂತಿದ್ದರೆ ಕಿಡ್ನಿ ಹೋದವರ ಮನೆಮನೆಯಲ್ಲಿ ಇರುತ್ತಿತ್ತೇನೋ ಅಂದೆ. ಆಮೇಲೆ ಎಲ್ಲ ಹೇಳಿದೆ. ಎಳನೀರು ಕೆತ್ತಿದ್ದು ನಾನು, ಅವರು ಬರುವ ಮುಂಚೆಯೇ ಅಪ್ಪನಿಗೆ ಕುಡಿಸಿದ್ದು ನಾನು, ಆಸ್ಪತ್ರೆಯಲ್ಲಿ ಅವರ ಮೇಲೆ ಹಾಕಿದ್ದು ನಾನು. ಅಪ್ಪ ಹೋದದ್ದಕ್ಕೂ ಅವರ ಬೆಳಕಿಗೂ ಸಂಬಂಧವಿರಲಿಲ್ಲ ಎಂದು ಹೇಳಿದೆ. ಹೇಳುವಾಗ ನನ್ನ ದನಿ ನಡುಗಲಿಲ್ಲ. ಕ್ಲಾಸಿನಲ್ಲಿ ಪಾಠ ಒಪ್ಪಿಸಿದ ಹಾಗೆ ಬಂತು.

ಅವರು ಬೈಯಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಅದು ಸರಿಯಾಗಿ ಕೂರಲಿಲ್ಲ ಎಂದು ಮತ್ತೆ ತೆಗೆದು ಹಾಕಿದರು.

"ನಿಮ್ಮಪ್ಪ ಹೋದ ಮೇಲೆ ಇವ್ರು ಮನೆಗೆ ಬಂದು ಹೇಳಿದ್ರು. ಆ ಮಗು ನನ್ನಿಂದ ತಬ್ಬಲಿ ಆಯ್ತು, ನಾಳೆಯಿಂದ ಅದಕ್ಕೂ ಸೇರ್ಸಿ ಎರಡು ರೊಟ್ಟಿ ಕಟ್ಟು ಅಂತ. ನಾಲ್ಕು ವರ್ಷ, ಒಂದು ದಿನ ತಪ್ಪಿಸ್ದಂಗೆ ಕಟ್ಟಿದೀನಿ" ಅಂದರು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ತಿಂತಿದ್ಯೇನಮ್ಮ?" ಎಂದು ಕೇಳಿದರು.

ತಿಂತಿದ್ದೆ, ಅಂದೆ.